ಮನೆಯೂ ಕೆಲಸದ ಸ್ಥಳವೇ

ಉದ್ಯೋಗದ ಸ್ಥಳದಲ್ಲಿ ನಡೆಯುವ ಲೈಂಗಿಕ ಕಿರುಕುಳವೆಂದರೆ ಮಹಾನಗರದ ದೊಡ್ಡ ಕಚೇರಿಗಳ ಸಂಗತಿಯೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಆದರೆ ಈ ಕುರಿತ ಕಾನೂನು ಹುಟ್ಟಿದ್ದೇ ಒಂದು ಹಳ್ಳಿಯ ನೋವಿನಿಂದ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯ ಕಾರ್ಯಕರ್ತೆ. ಬಾಲ್ಯವಿವಾಹವೊಂದನ್ನು ತಡೆಯಲು ಮುಂದಾದುದಕ್ಕಾಗಿ ಆಕೆ 1992ರಲ್ಲಿ ಘೋರ ದೌರ್ಜನ್ಯಕ್ಕೆ ಒಳಗಾದರು. ಆ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ಮಾರ್ಗಸೂಚಿಗಳನ್ನು ನೀಡಿತು. 2013ರಲ್ಲಿ ಸಂಸತ್ತು ಕಾಯಿದೆಯನ್ನೇ ರೂಪಿಸಿತು.

ನಮ್ಮ ಜಿಲ್ಲೆಗೂ ಈ ಪಾಠ ಕಹಿಯಾಗಿಯೇ ಬಂದಿತು. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ದೂರಿತ್ತವರು ಆ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಮಹಿಳೆ. 2021ರ ಕೃತ್ಯಕ್ಕೆ ದೂರು ದಾಖಲಾದದ್ದು 2024ರಲ್ಲಿ.

"ಆಗಲೇ ಏಕೆ ಹೇಳಲಿಲ್ಲ?" ಎಂದು ಕೇಳುವವರಿದ್ದಾರೆ. ಅನ್ನ ಕೊಡುವ ಕೈಯೇ ಎಲ್ಲೆ ಮೀರಿದಾಗ ಯಾರ ಮುಂದೆ ಹೇಳಬೇಕು? ಹೇಳಿದರೆ ನಾಳೆ ಒಲೆ ಉರಿಯುವುದು ಹೇಗೆ? ಮೌನವು ಒಪ್ಪಿಗೆಯಲ್ಲ, ಬಹುಮಟ್ಟಿಗೆ ಅದು ಹಸಿವಿನ ಭಯ.

ಆದುದರಿಂದಲೇ ಕಾಯಿದೆಯು ಹೊಣೆಯನ್ನು ಹೆಣ್ಣಿನ ಧೈರ್ಯದ ಮೇಲೆ ಮಾತ್ರ ಹೊರಿಸಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಯ ಮಾಲೀಕ ಆಂತರಿಕ ಸಮಿತಿಯನ್ನು ರಚಿಸಲೇಬೇಕು. ತಪ್ಪಿದರೆ 50,000 ರೂಪಾಯಿಯವರೆಗೆ ದಂಡ. ಅದಕ್ಕಿಂತ ಚಿಕ್ಕ ಕಡೆ ದುಡಿಯುವವರಿಗೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ. ಬೇಲೂರಿನ ಅಥವಾ ಅರಸೀಕೆರೆಯ ಹೆಣ್ಣುಮಗಳು ದೂರು ಹಿಡಿದು ಹಾಸನಕ್ಕೆ ಅಲೆಯಬಾರದೆಂದೇ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂಬ ನಿಯಮವಿದೆ. ದೂರಿಗೆ 3 ತಿಂಗಳ ಅವಧಿ. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು. ಬರೆಯಲಾರದವಳಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ಮೇಷ್ಟರಾದ ನನಗೆ ಈ ಕೊನೆಯ ಮಾತು ಬಹಳ ಹಿಡಿಸಿತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಇಂದು ಬೇಲೂರಿನ ಕಡೆ ಕಾಫಿ ತೋಟದ ಒಡೆಯರು, ಕೆಲವರು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಗಳು, ಹಳೇಬೀಡಿನಲ್ಲಿ ಹೋಟೆಲು ನಡೆಸುವವರೂ ಇದ್ದೀರಿ. ತೋಟದಲ್ಲಿ ಯಾರಿಗೆ ಕೆಲಸ ಕೊಡಬೇಕು, ಯಾರನ್ನು ನಿಲ್ಲಿಸಬೇಕು ಎಂಬುದನ್ನು ಮೇಸ್ತ್ರಿಯೊಬ್ಬನ ಇಷ್ಟಕ್ಕೇ ಬಿಟ್ಟರೆ, ಕಿರುಕುಳಕ್ಕೆ ನೀವೇ ಬಾಗಿಲು ತೆರೆದಂತೆ. ದೂರು ಕೊಡುವ ವಿಳಾಸವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಓದು ಬಾರದವರಿಗೆ ಓದಿ ಹೇಳಿ.

ಬಂಧುಗಳಲ್ಲಿಯೂ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ನಿಮ್ಮ ಮನೆಯೇ ಕಚೇರಿ. ಅಲ್ಲಿ ಆಕೆಯ ಮಾನ ಕಾಯುವುದು ದಯೆಯಲ್ಲ, ಕಾನೂನು ನಮಗೆ ವಿಧಿಸಿರುವ ಕರ್ತವ್ಯ.