ಕಾಣದ ತಂತಿ

ಎತ್ತರಕ್ಕೆ ಏರಿದಷ್ಟೂ ಅಪಾಯವು ಹೆಚ್ಚೆಂದು ನಾವು ಭಾವಿಸುವೆವು. ಪೈರಿಗೆ ಔಷಧವನ್ನು ಸಿಂಪಡಿಸುವ ಹೆಲಿಕಾಪ್ಟರಿನ ವಿಷಯದಲ್ಲಿ ಈ ಮಾತು ತಲೆಕೆಳಗಾಗುವುದು. ಔಷಧವು ಗಾಳಿಗೆ ತೇಲಿ ನೆರೆಹೊಲಕ್ಕೆ ಬೀಳಬಾರದೆಂದು ಚಾಲಕನು ಪೈರಿನ ನೆತ್ತಿಯ ಮೇಲೆ ಕೆಲವೇ ಅಡಿಗಳ ಎತ್ತರದಲ್ಲಿ ಸಾಗಬೇಕು. ವಿದ್ಯುತ್ತಿನ ತಂತಿಗಳೂ ನೆಲಕ್ಕೆ ಸಮೀಪದಲ್ಲಿಯೇ ಇರುವುವು. ಗಿಡಮರಗಳ ಹಿನ್ನೆಲೆಯಲ್ಲಿ ಸಣ್ಣ ತಂತಿಯು ಕಣ್ಣಿಗೆ ಬೀಳದು. ಆದುದರಿಂದ ಅನುಭವಿಗಳು ತಂತಿಯನ್ನಲ್ಲ, ಕಂಬವನ್ನು ಹುಡುಕುವರು. ಮೊದಲೇ ನೋಡಿಟ್ಟುಕೊಂಡಿದ್ದ ತಂತಿಯನ್ನೇ, ಹತ್ತಾರು ಸಲ ಸುತ್ತಿದ ಬಳಿಕ ಮರೆತು, ಅದಕ್ಕೆ ತಾಗಿ ಮಡಿದವರೂ ಉಂಟು.

ಜಪಾನಿನ ಚಿಕ್ಕ ಭತ್ತದ ಗದ್ದೆಗಳಿಗಾಗಿ 1987ರಲ್ಲಿ ಯಮಹಾ ಸಂಸ್ಥೆಯು ಆರ್-50 ಎಂಬ, ಆಳಿಲ್ಲದೆ ಹಾರುವ ಪುಟ್ಟ ಹೆಲಿಕಾಪ್ಟರನ್ನು ಮಾರಾಟಕ್ಕೆ ತಂದಿತು. ಅದನ್ನು ನಡೆಸುವವನು ನೆಲದ ಮೇಲೆಯೇ ನಿಂತಿರುವನು. ತಂತಿಗೆ ತಾಗಿದರೆ ಯಂತ್ರವು ಹೋದೀತು. ಅವನು ಸಂಜೆಗೆ ಹೆಂಡತಿಮಕ್ಕಳ ಬಳಿಗೆ ಹಿಂದಿರುಗುವನು.

ಆದರೂ ಮನುಷ್ಯನು ಕುಳಿತು ಹಾರಿಸುವ ಯಂತ್ರಗಳು ಅನೇಕ ದೇಶಗಳಲ್ಲಿ ಇಂದಿಗೂ ಕೆಲಸಮಾಡುತ್ತಿವೆ. ಅಲ್ಲಿ ಹೊಲದ ಒಡೆಯನು, “ಇಲ್ಲೊಂದು ತಂತಿಯುಂಟು” ಎಂದು ಮೊದಲೇ ಹೇಳಿದರೆ ಒಂದು ಪ್ರಾಣವು ಉಳಿದೀತು. ನಮ್ಮ ಮನೆಗೆ ದುಡಿಯಲು ಬಂದವನಿಗೂ ಅಪಾಯದ ಸ್ಥಳವನ್ನು ತೋರಿಸುವುದು, ಕೂಲಿಗಿಂತ ಮೊದಲು ಸಲ್ಲಿಸತಕ್ಕ ಋಣವೆಂದು ನಾವು ತಿಳಿದಿರುವೆವು.