ನಿಶ್ಚಿತಾರ್ಥದ ವಜ್ರದುಂಗುರ



ಒಂದೆರಡು ತಲೆಮಾರುಗಳ ಹಿಂದೆ ನಿಡೋಣಿ, ಬಬಲೇಶ್ವರ, ತಿಕೋಟಾ ಭಾಗದಲ್ಲಿ ಮದುವೆಯ ಒಡವೆಯೆಂದರೆ ತಾಳಿ, ಬೋರಮಾಳ, ಪಾಟ್ಲಿ, ಬಿಲ್ವಾರಗಳು. ಪತ್ತಾರರ ಮುಂದೆ ಕುಳಿತು, ಕಣ್ಣೆದುರಿಗೇ ತೂಗಿಸಿ ಮಾಡಿಸಿಕೊಳ್ಳುವುದು ರೂಢಿ. ಈಗ ನಿಶ್ಚಿತಾರ್ಥಕ್ಕೆ ವಜ್ರದುಂಗುರ ಬೇಕೆಂಬ ಆಸೆ ಹಳ್ಳಿಯ ಮನೆಗಳಿಗೂ ಬಂದಿದೆ. ಆಸೆಪಡುವುದು ತಪ್ಪಲ್ಲ. ಆದರೆ ಚಿನ್ನವನ್ನು ಬಲ್ಲ ನಮ್ಮ ಹಿರಿಯರಿಗೆ ವಜ್ರದ ವ್ಯವಹಾರ ಹೊಸದು. ಆದುದರಿಂದ ಈ ತಿಂಗಳು ಅದರ ಕುರಿತು ಕೆಲವು ಮಾತುಗಳು.

ವಜ್ರದ ತೂಕದ ಅಳತೆ ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ 0.2 ಗ್ರಾಮ್, ಅದರ ನೂರನೆಯ ಒಂದು ಭಾಗ ಒಂದು ಸೆಂಟ್. 'ಮೂವತ್ತು ಸೆಂಟ್' ಎಂದಾಗ ಕೈಗೆ ಬರುವುದು ಕೇವಲ 60 ಮಿಲಿಗ್ರಾಮ್. ಅದು ಒಂದೇ ಹರಳೋ, ಸಣ್ಣ ಹರಳುಗಳ ಒಟ್ಟು ತೂಕವೋ ಎಂದು ಕೇಳಲೇಬೇಕು. ಒಂಟಿ ಹರಳಿನ ಬೆಲೆ ಬಹಳ ಹೆಚ್ಚು. ತೂಕದಂತೆಯೇ ಬಣ್ಣ, ನಿರ್ಮಲತೆ, ಕತ್ತರಿಸಿದ ರೀತಿ ಇವೂ ಬೆಲೆಯನ್ನು ನಿರ್ಧರಿಸುತ್ತವೆ. ಹೊಳಪು ಮುಖ್ಯವಾಗಿ ಕತ್ತರಿಸಿದ ಕೌಶಲದಿಂದ ಬರುವಂಥದು. ಬರಿಗಣ್ಣಿಗೆ ಕಾಣದ ಸಣ್ಣ ಕಲೆಗಾಗಿ ಹೆದರಬೇಕಾಗಿಲ್ಲ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂದು ಮಾರಾಟಕ್ಕಿದೆ. ಅದೂ ಇಂಗಾಲದ ಹರಳೇ, ನಕಲಿಯಲ್ಲ. ಬರಿಗಣ್ಣಿಗೆ ಭೇದ ತಿಳಿಯದು. ಆದರೆ ಅದರ ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಆದುದರಿಂದ ಯಾವುದನ್ನು ಕೊಳ್ಳುತ್ತಿದ್ದೇವೆಂಬುದು ಪ್ರಮಾಣಪತ್ರದಲ್ಲಿಯೂ ರಸೀತಿಯಲ್ಲಿಯೂ ಸ್ಪಷ್ಟವಾಗಿ ಬರೆದಿರಲಿ.

ಉಂಗುರದ ಚಿನ್ನವನ್ನೂ ಮರೆಯಬಾರದು. ವಜ್ರದ ಒಡವೆ ಸಾಮಾನ್ಯವಾಗಿ 18 ಕ್ಯಾರೆಟ್ ಚಿನ್ನದ್ದು, ಎಂದರೆ ಸಾವಿರಕ್ಕೆ 750 ಭಾಗ ಶುದ್ಧ ಚಿನ್ನ. ಅದಕ್ಕೆ 22 ಕ್ಯಾರೆಟ್ಟಿನ ದರ ಹಾಕಿಲ್ಲವೆಂಬುದನ್ನು ನೋಡಿಕೊಳ್ಳಿ. 2021ರ ಜೂನ್ ತಿಂಗಳಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗುತ್ತ ಬಂದಿದೆ. ಮುದ್ರೆಯ ಜೊತೆಗಿರುವ ಆರು ಅಕ್ಷರ-ಅಂಕಿಗಳ ಗುರುತನ್ನು 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ. ಹಗುರವಾದ ಉಂಗುರ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ರಸೀತಿಯಲ್ಲಿ ಚಿನ್ನದ ನಿವ್ವಳ ತೂಕ, ಹರಳಿನ ತೂಕ, ಮಜೂರಿ, ತೆರಿಗೆ ಎಲ್ಲವೂ ಬೇರೆ ಬೇರೆಯಾಗಿರಲಿ.

ದಿನಾಲೂ ಹಿಟ್ಟು ನಾದಿ ರೊಟ್ಟಿ ಬಡಿಯುವ ಕೈಗೆ ಎತ್ತರವಾಗಿ ಕೂರಿಸಿದ ಹರಳು ಒಗ್ಗದು. ಸುತ್ತಲೂ ಚಿನ್ನದ ಅಂಚು ಕಟ್ಟಿದ ಉಂಗುರವೇ ಬಾಳಿಕೆ ಬರುತ್ತದೆ. ವಜ್ರ ಎಲ್ಲಕ್ಕಿಂತ ಕಠಿಣವೆಂಬುದು ನಿಜ. ಆದರೂ ಜೋರಾದ ಪೆಟ್ಟು ಬಿದ್ದರೆ ಸೀಳಬಲ್ಲದು.

ಇನ್ನು ಮುಖ್ಯವಾದ ಮಾತು. ಮಳೆ ಕೈಕೊಟ್ಟ ವರ್ಷ ಒಕ್ಕಲಿಗನ ಮನೆಯನ್ನು ಕಾಯ್ದದ್ದು ಹೆಣ್ಣುಮಕ್ಕಳ ಚಿನ್ನ. ಅಡವಿಟ್ಟು ಸಾಲ ಪಡೆಯುವಾಗ ಹಿಡಿಯುವುದು ಚಿನ್ನದ ತೂಕವನ್ನೇ. ಹರಳಿನ ತೂಕವನ್ನು ಕಳೆಯುತ್ತಾರೆ. ಮಾರಹೋದರೂ ವಜ್ರಕ್ಕೆ ಕೊಟ್ಟ ಬೆಲೆ ಮರಳುವುದು ಅಪರೂಪ. ಆದ್ದರಿಂದ ವಜ್ರವನ್ನು ಆಪತ್ತಿನ ಧನವೆಂದು ಭಾವಿಸದೆ, ಸಂತೋಷದ ಖರ್ಚೆಂದು ತಿಳಿದು, ಶಕ್ತಿಯಿದ್ದಷ್ಟೇ ಕೊಳ್ಳಬೇಕು. ಅದಕ್ಕಾಗಿ ಸಾಲ ಮಾಡುವುದು ಸಲ್ಲದು.

ಬೀಗರು ಕೇಳಿದರೆಂದು ಕೊಡುವ ಉಂಗುರವಂತೂ ಉಡುಗೊರೆಯೆನಿಸದು. ಮದುವೆಯ ಸಂಬಂಧವಾಗಿ ಹೀಗೆ ಬೇಡಿಕೆಯಿಡುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಅಪರಾಧ. ಶರಣರ ದಾರಿಗಂತೂ ದೂರ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ಹಿಂದಿರುಗಿಸೆಂದವಳು ಅವನ ಮಡದಿ ಲಕ್ಕಮ್ಮ. ಆ ತಾಯಿಯ ಮಾತು ಎರಡೂ ಕಡೆಯ ಬೀಗರ ನೆನಪಿನಲ್ಲಿದ್ದರೆ, ಉಂಗುರ ಚಿನ್ನದ್ದಾದರೇನು, ವಜ್ರದ್ದಾದರೇನು, ಸಂಬಂಧ ಗಟ್ಟಿಯಾಗಿರುತ್ತದೆ.