ಹನ್ನೊಂದು ಜೀವ ಹೋದ ಮೇಲೂ ‘ಕಪ್ ನಮ್ದೇ’ ಎನ್ನುವುದೇ?

ಕಪ್ ನೋಡಲು ಹೋದ ಹನ್ನೊಂದು ಮಂದಿ ಮನೆಗೆ ವಾಪಸ್ ಬರಲಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತವರಲ್ಲಿ ಹೆಚ್ಚಿನವರಿಗೆ ಮೂವತ್ತು ತುಂಬಿರಲಿಲ್ಲ. ಕಾಲೇಜು ಓದುತ್ತಿದ್ದವರಿದ್ದರು, ಕೆಲಸಕ್ಕೆ ಹೋಗುತ್ತಿದ್ದವರಿದ್ದರು, ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಗಾಯಗೊಂಡವರು ಐವತ್ತಕ್ಕೂ ಹೆಚ್ಚು. ಆ ಮಕ್ಕಳನ್ನು ನೆರೆ ಕೊಂದಿದ್ದಲ್ಲ, ರೋಗ ಕೊಂದಿದ್ದಲ್ಲ. ಕೊಂದಿದ್ದು ಒಂದು ಟಿ20 ಟೂರ್ನಿಯ ವಿಜಯೋತ್ಸವ.

ಈಗ ಇನ್ನೊಂದು ಐಪಿಎಲ್ ಬಾಗಿಲಿಗೆ ಬಂದಿದೆ. ಸಿಗ್ನಲ್‌ಗಳಲ್ಲಿ ಕೆಂಪು ಜೆರ್ಸಿ ಮಾರುವವರು ಮತ್ತೆ ನಿಲ್ಲುತ್ತಾರೆ, ಆಟೋಗಳ ಹಿಂದೆ ಮತ್ತೆ ಸ್ಟಿಕ್ಕರ್ ಅಂಟಿಕೊಳ್ಳುತ್ತದೆ, ಗಲ್ಲಿಗಲ್ಲಿಯಲ್ಲಿ ‘ಈ ಸಲವೂ ಕಪ್ ನಮ್ದೇ’ ಎಂಬ ಕೂಗು ಕೇಳುತ್ತದೆ. ಆ ಕೂಗಿಗೆ ಗಂಟಲು ಸೇರಿಸುವ ಮೊದಲು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದದ್ದು ಇಷ್ಟೆ: ಆ ಕಪ್ ಅಷ್ಟು ದೊಡ್ಡದೇ? ಹನ್ನೊಂದು ಮನೆಗಳ ದೀಪ ಆರಿಸುವಷ್ಟು ದೊಡ್ಡದೇ?

ಗೆದ್ದದ್ದೇನು ಎಂಬುದನ್ನು ಸಮಾಧಾನದಿಂದ ನೋಡಿದರೆ ಸಾಕು. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಒಂಬತ್ತು ವಿಕೆಟಿಗೆ 190 ರನ್ ಮಾಡಿತು, ಪಂಜಾಬ್ ಕಿಂಗ್ಸ್ ಏಳು ವಿಕೆಟಿಗೆ 184ರಲ್ಲಿ ನಿಂತಿತು. ಆರು ರನ್ನಿನ ಗೆಲುವು. ಹತ್ತು ತಂಡಗಳು ಆಡುವ ಈ ಟೂರ್ನಿ 2008ರಿಂದ ವರ್ಷ ತಪ್ಪದೆ ನಡೆದಿದೆ. ಪ್ರತಿ ವರ್ಷ ಯಾರಾದರೊಬ್ಬರಿಗೆ ಕಪ್ ಸಿಕ್ಕೇ ಸಿಗುತ್ತದೆ. 2009ರ ಫೈನಲ್‌ನಲ್ಲಿ ಬೆಂಗಳೂರನ್ನು ಸೋಲಿಸಿ ಕಪ್ ಎತ್ತಿದ ಡೆಕ್ಕನ್ ಚಾರ್ಜರ್ಸ್ ಎಂಬ ತಂಡವೇ ಇವತ್ತು ಇಲ್ಲ. ಅದನ್ನು ‘ನಮ್ಮದು’ ಎಂದು ಕುಣಿದ ಹೈದರಾಬಾದಿನ ಅಭಿಮಾನಿಗಳು ಮೂರೇ ವರ್ಷಗಳಲ್ಲಿ ಬೇರೆ ಬಣ್ಣದ ಬಾವುಟ ಹುಡುಕಬೇಕಾಯಿತು.

ಆಟಗಾರರ ಪಟ್ಟಿಯನ್ನೂ ನೋಡಬೇಕು. ಫೈನಲ್ ಆಡಿದ ಬೆಂಗಳೂರು ತಂಡದಲ್ಲಿ ಕರ್ನಾಟಕದವರು ಒಬ್ಬರೇ, ಮಯಾಂಕ್ ಅಗರವಾಲ್. ಅವರೂ ದೇವದತ್ತ ಪಡಿಕ್ಕಲ್ ಗಾಯಗೊಂಡದ್ದರಿಂದ ಟೂರ್ನಿಯ ಕೊನೆಯ ಹಂತದಲ್ಲಿ ಸೇರಿಕೊಂಡವರು. ನಾಯಕ ರಜತ್ ಪಾಟೀದಾರ್ ಮಧ್ಯಪ್ರದೇಶದವರು, ಪಂದ್ಯಪುರುಷ ಕೃಣಾಲ್ ಪಾಂಡ್ಯ ಬರೋಡಾದವರು, ಫಿಲ್ ಸಾಲ್ಟ್ ಇಂಗ್ಲೆಂಡಿನವರು, ಹೇಜಲ್‌ವುಡ್ ಆಸ್ಟ್ರೇಲಿಯಾದವರು. ಎಲ್ಲರೂ ಒಳ್ಳೆಯ ಆಟಗಾರರು, ಅವರ ದುಡಿಮೆಯನ್ನು ಹಳಿಯಲು ಯಾರಿಗೂ ಹಕ್ಕಿಲ್ಲ. ಆದರೆ ಹರಾಜಿನಲ್ಲಿ ಬಂದವರು ಮುಂದಿನ ಹರಾಜಿನಲ್ಲಿ ಹೋಗುತ್ತಾರೆ. ಹಿಂದಿನ ವರ್ಷ ಸಾಲ್ಟ್ ಕೋಲ್ಕತ್ತದ ಪರವಾಗಿ ಆಡಿ ಆ ತಂಡ ಕಪ್ ಗೆಲ್ಲಲು ನೆರವಾಗಿದ್ದರು. ಅದೇ ಅಹಮದಾಬಾದ್ ಫೈನಲ್‌ನಲ್ಲಿ ಕರ್ನಾಟಕದ ವೇಗಿ ವೈಶಾಖ್ ವಿಜಯಕುಮಾರ್ ಬೌಲ್ ಮಾಡಿದ್ದು ಎದುರಾಳಿ ಪಂಜಾಬಿನ ಪರ. ಆ ವರ್ಷದ ಐಪಿಎಲ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಬೆಂಗಳೂರಿನ ಹುಡುಗ ಪ್ರಸಿದ್ಧ ಕೃಷ್ಣ, ಗುಜರಾತಿನ ಪರ. ತನ್ನ ಊರಿನ ಹುಡುಗ ಎದುರು ತಂಡದಲ್ಲಿದ್ದಾಗ ಅವನ ವಿಕೆಟಿಗೆ ಬೇಸರಪಟ್ಟುಕೊಳ್ಳುವ ಅಭಿಮಾನವನ್ನು ಊರಿನ ಅಭಿಮಾನ ಎಂದು ಹೇಗೆ ಕರೆಯುವುದು?

ಆ ರಾತ್ರಿ ಹದಿನೆಂಟು ವರ್ಷ ಒಂದೇ ತಂಡಕ್ಕೆ ಆಡಿದ ವಿರಾಟ್ ಕೊಹ್ಲಿ ಕಣ್ಣೀರಿಟ್ಟರು. ಆ ಕಣ್ಣೀರು ನಿಜವಾದದ್ದು. ಆದರೆ ಮೈದಾನದಲ್ಲೇ ಅವರು ಇನ್ನೊಂದು ಮಾತೂ ಹೇಳಿದರು: ಈ ಗೆಲುವು ತಮ್ಮ ಬದುಕಿನ ದೊಡ್ಡ ಗಳಿಗೆಗಳಲ್ಲಿ ಒಂದಾದರೂ ಟೆಸ್ಟ್ ಕ್ರಿಕೆಟ್‌ಗಿಂತ ಐದು ಮೆಟ್ಟಿಲು ಕೆಳಗಿನದು ಎಂದರು. ಕಪ್ ಎತ್ತಿದವರಿಗೇ ಅದರ ತೂಕ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ಅದನ್ನು ನೋಡಲು ಓಡಿದವರಿಗೆ, ಓಡಿಸಿದವರಿಗೆ.

ಓಡಿಸಿದವರು ಯಾರು? ಪಂದ್ಯ ಮುಗಿದಾಗ ನಡುರಾತ್ರಿ ಸಮೀಪಿಸಿತ್ತು. ಮರುದಿನ ಬೆಳಿಗ್ಗೆಯಿಂದಲೇ ತಂಡದ ಸಾಮಾಜಿಕ ಜಾಲತಾಣ ಖಾತೆಗಳಲ್ಲಿ ವಿಜಯೋತ್ಸವಕ್ಕೆ ಬನ್ನಿ ಎಂಬ ಕರೆ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಮೂರರಿಂದ ಐದು ಲಕ್ಷ ಜನ ಸೇರಿದ್ದಕ್ಕೆ ಮೇಲ್ನೋಟಕ್ಕೆ ತಂಡವೇ ಹೊಣೆ ಎಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರ ಆದೇಶದಲ್ಲಿ ಹೇಳಿತು. ಒಂದು ಹಗಲೊಳಗೆ ಅಷ್ಟು ಜನರಿಗೆ ಬಂದೋಬಸ್ತ್ ಮಾಡಲು ಪೊಲೀಸರ ಕೈಯಲ್ಲಿ ಮಾಯಾದಂಡವಿಲ್ಲ ಎಂಬ ಅರ್ಥದ ಮಾತನ್ನೂ ಆಡಿತು. ರಾಜ್ಯ ಸರ್ಕಾರವೇನು ಕೈಕಟ್ಟಿ ಕೂತಿರಲಿಲ್ಲ. ಉಪಮುಖ್ಯಮಂತ್ರಿ ವಿಮಾನ ನಿಲ್ದಾಣಕ್ಕೆ ಹೋಗಿ ಆಟಗಾರರನ್ನು ಬರಮಾಡಿಕೊಂಡರು. ವಿಧಾನಸೌಧದ ಭವ್ಯ ಮೆಟ್ಟಿಲುಗಳ ಮೇಲೆ ಪೇಟ ತೊಡಿಸಿ, ಹಾರ ಹಾಕಿ ಸನ್ಮಾನ ನಡೆಯಿತು. ಜನ ಆರಿಸಿದ ಸರ್ಕಾರ ನಾಡಿನ ಅತಿ ದೊಡ್ಡ ಮೆಟ್ಟಿಲನ್ನು ಬಿಟ್ಟುಕೊಟ್ಟದ್ದು ಒಂದು ಖಾಸಗಿ ಕಂಪನಿಯ ತಂಡಕ್ಕೆ. ಹೊರಗೆ ಮಕ್ಕಳು ಸಾಯುತ್ತಿರುವಾಗ ಕ್ರೀಡಾಂಗಣದ ಒಳಗೆ ಸಮಾರಂಭ ನಡೆಯಿತು. ಸಾವಿನ ಲೆಕ್ಕ ಬರುತ್ತಲೇ ವಿರೋಧ ಪಕ್ಷದವರು ರಾಜೀನಾಮೆ ಕೇಳಿದರು, ಆಳುವ ಪಕ್ಷದವರು ಪೊಲೀಸ್ ಆಯುಕ್ತರನ್ನೇ ಅಮಾನತು ಮಾಡಿದರು. ಒಂದು ಕಪ್ಪಿಗೆ ಇಷ್ಟು ಮೆರವಣಿಗೆ ಏಕೆ ಎಂದು ಎರಡೂ ಕಡೆಯ ಹೆಚ್ಚಿನ ನಾಯಕರು ಗಟ್ಟಿಯಾಗಿ ಕೇಳಲಿಲ್ಲ. ಕೇಳಿದರೆ ವೋಟು ಹೋಗುತ್ತದೆ.

ಖಾಸಗಿ ಕಂಪನಿ ಎಂದಾಗ ಕೆಲವರಿಗೆ ಸಿಟ್ಟು ಬರುತ್ತದೆ. ಸತ್ಯವೇ ಅದು. 2008ರಲ್ಲಿ ವಿಜಯ್ ಮಲ್ಯ ಅವರ ಮದ್ಯದ ಕಂಪನಿ 11.16 ಕೋಟಿ ಡಾಲರ್ ಕೊಟ್ಟು ಈ ತಂಡವನ್ನು ಕೊಂಡಿತು, ಒಂದು ವಿಸ್ಕಿಯ ಹೆಸರನ್ನು ಅದಕ್ಕಿಟ್ಟಿತು. ಆಮೇಲೆ ಆ ಕಂಪನಿ ಬ್ರಿಟನ್ನಿನ ಡಿಯಾಜಿಯೊ ಕೈಸೇರಿತು. ಊರಿನ ಹೆಸರು 2014ರ ನವೆಂಬರ್ 1ರಂದೇ ಅಧಿಕೃತವಾಗಿ ‘ಬೆಂಗಳೂರು’ ಆದರೂ ತಂಡದ ಹೆಸರಿನಲ್ಲಿ ‘ಬ್ಯಾಂಗಲೋರ್’ ಹೋಗಲು 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ತಂಡ ಹಿಂದಿ ಖಾತೆ ತೆರೆದಾಗ ಕನ್ನಡಿಗರೇ ಬೀದಿಗಿಳಿದವರಂತೆ ಸಿಟ್ಟಾಗಿದ್ದರು. ಕಪ್ ಬಂದ ರಾತ್ರಿ ಆ ಸಿಟ್ಟು ಎಲ್ಲಿ ಹೋಯಿತೋ! ಕಪ್ ಗೆದ್ದು ಐದು ತಿಂಗಳಾಗುವಷ್ಟರಲ್ಲಿ, 2025ರ ನವೆಂಬರ್‌ನಲ್ಲಿ, ಮಾಲೀಕ ಕಂಪನಿ ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿತು. ‘ನಮ್ದೇ’ ಎಂದು ಕೂಗಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನಿಜವಾಗಿ ನಾಡಿನದೇ ಆದ ಗೆಲುವುಗಳು ಏನಾದವು ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೇ 2025ರ ಜನವರಿ 18ರಂದು ವಡೋದರದಲ್ಲಿ ಕರ್ನಾಟಕ ತಂಡ ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿ ಐದನೆಯ ಸಲ ವಿಜಯ್ ಹಜಾರೆ ಟ್ರೋಫಿ ಗೆದ್ದಿತು. ಯುವಕ ಸ್ಮರಣ್ ರವಿಚಂದ್ರನ್ ಫೈನಲ್‌ನಲ್ಲಿ ಶತಕ ಹೊಡೆದರು. ನಾಯಕ ಯಾರು? ಇದೇ ಮಯಾಂಕ್ ಅಗರವಾಲ್. ಜನವರಿಯಲ್ಲಿ ನಾಡಿನ ತಂಡದ ನಾಯಕನಾಗಿ ಕಪ್ ತಂದಾಗ ಅವರನ್ನು ನೋಡಲು ಲಕ್ಷ ಜನ ಬರಲಿಲ್ಲ. ಜೂನ್‌ನಲ್ಲಿ ಬದಲಿ ಆಟಗಾರನಾಗಿ ಬಂದು ಫೈನಲ್‌ನಲ್ಲಿ 24 ರನ್ ಮಾಡಿದಾಗ ಊರೇ ಹುಚ್ಚೆದ್ದಿತು. 2014-15ರಲ್ಲಿ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ ಸತತ ಎರಡನೆಯ ವರ್ಷ ರಣಜಿ ಗೆದ್ದಾಗ, ಕರುಣ್ ನಾಯರ್ ಆ ಫೈನಲ್‌ನಲ್ಲಿ 328 ರನ್ ಹೊಡೆದಾಗ ಎಷ್ಟು ಬೀದಿಗಳಲ್ಲಿ ಪಟಾಕಿ ಸಿಡಿಯಿತು?

ಅದಕ್ಕಿಂತ ನೋವಿನದು ಖೋ ಖೋ ಕಥೆ. ಮೊದಲ ಖೋ ಖೋ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಭಾರತದ ಪುರುಷರೂ ಗೆದ್ದರು, ಮಹಿಳೆಯರೂ ಗೆದ್ದರು. ಆ ತಂಡಗಳಲ್ಲಿ ಕರ್ನಾಟಕದ ಇಬ್ಬರಿದ್ದರು, ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್. ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ ಎರಡೂಕಾಲು ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಘೋಷಿಸಿತು. ಕರ್ನಾಟಕ ಘೋಷಿಸಿದ್ದು ತಲಾ ಐದು ಲಕ್ಷ. ಇಬ್ಬರೂ ಅದನ್ನು ಬೇಡವೆಂದರು. ವಿಶ್ವಕಪ್ ಗೆದ್ದ ಹಳ್ಳಿಯ ಹುಡುಗಿಗೆ ಐದು ಲಕ್ಷ ಸಾಕೆಂದ ನಾಡು, 20 ಕೋಟಿ ಬಹುಮಾನ ಪಡೆದ ತಂಡಕ್ಕೆ ವಿಧಾನಸೌಧವನ್ನೇ ಸಿಂಗರಿಸಿತು. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಟಿ.ಸಿ. ದೀಪಿಕಾ ಕರ್ನಾಟಕದವರು. ಅವರ ಹೆಸರು ಬರೆದ ಜೆರ್ಸಿ ಯಾವ ಸಿಗ್ನಲ್‌ನಲ್ಲಿ ಸಿಗುತ್ತದೆ?

ಇಷ್ಟು ಓದಿ ಚೆನ್ನೈ ಅಭಿಮಾನಿಗಳು ಮೀಸೆ ತಿರುವುವುದು ಬೇಡ. ಹದಿನೇಳು ವರ್ಷ ಬೆಂಗಳೂರಿನವರನ್ನು ‘ಕಪ್ಪಿಲ್ಲದವರು’ ಎಂದು ಹಂಗಿಸಿ ಹಂಗಿಸಿ ಈ ಹುಚ್ಚಿಗೆ ಎಣ್ಣೆ ಸುರಿದವರಲ್ಲಿ ಅವರೇ ಮುಂದು. ಬೆಟ್ಟಿಂಗ್ ಹಗರಣದ ಕಾರಣಕ್ಕೆ 2016, 2017ರಲ್ಲಿ ಅವರ ತಂಡ ಅಮಾನತಾಗಿತ್ತು. 2018ರಲ್ಲಿ ವಾಪಸ್ ಬಂದು ಕಪ್ ಗೆದ್ದ ಕೂಡಲೇ ಎಲ್ಲವೂ ತೊಳೆದುಹೋಯಿತು. ಐದು ಕಪ್ ಎಂದು ಬೆರಳು ಮಡಿಚುವ ಮುಂಬೈನವರೂ ಅದೇ ಸಾಲಿನವರು. ಇನ್ನು ‘ಟೆಸ್ಟೇ ನಿಜವಾದ ಕ್ರಿಕೆಟ್, ವಿಶ್ವನಾಥ್ ಕಾಲವೇ ಕಾಲ’ ಎಂದು ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಡುವ ಬೆಂಗಳೂರಿನ ಹಿರಿಯ ರಸಿಕರು! 1974ರಲ್ಲಿ ಪ್ರಸನ್ನ, ಚಂದ್ರಶೇಖರ್ ಸೇರಿ ಮುಂಬೈನ ಹದಿನೈದು ವರ್ಷದ ರಣಜಿ ಪಾರುಪತ್ಯ ಮುರಿದ ಕಥೆಯನ್ನು ಅವರು ಬಾಯಿಪಾಠ ಒಪ್ಪಿಸುತ್ತಾರೆ. ಇವತ್ತು ಕರ್ನಾಟಕ ರಣಜಿ ಆಡುವಾಗ ಖಾಲಿ ಬಿದ್ದಿರುವ ಸ್ಟ್ಯಾಂಡುಗಳಲ್ಲಿ ಅವರನ್ನು ಹುಡುಕಿದರೆ ಸಿಗುವುದಿಲ್ಲ.

ಆಕ್ಷೇಪಗಳು ಬರುತ್ತವೆ. ‘ಬಡವರ ಹುಡುಗರಿಗೆ ಒಂದು ಖುಷಿ, ಅದನ್ನೂ ಕಿತ್ತುಕೊಳ್ಳುತ್ತೀರಾ?’ ಎನ್ನುತ್ತಾರೆ. ಖುಷಿ ಹಂಚಿದವರು ಪರಿಹಾರದ ಚೆಕ್ ಹಂಚಬೇಕಾದ ಸ್ಥಿತಿ ಬಂದದ್ದನ್ನು ಆ ಬಡವರ ಮನೆಗೇ ಹೋಗಿ ವಿವರಿಸಿ ಬರಲಿ. ‘ಕಾಲ್ತುಳಿತ ಎಲ್ಲೆಲ್ಲೂ ಆಗುತ್ತದೆ’ ಎನ್ನುವವರಿದ್ದಾರೆ. ಆ ಸಮಾಧಾನದ ಮಾತನ್ನೂ ಅಲ್ಲೇ ಹೇಳಲಿ. ‘ಕಪ್ಪಿನಿಂದ ಬೆಂಗಳೂರಿನ ಹೆಸರು ಜಗತ್ತಿಗೇ ಗೊತ್ತಾಯಿತು’ ಎಂಬುದು ಇನ್ನೊಂದು. ಗೊತ್ತಾಯಿತು, ಜೂನ್ 4ರಂದು, ಹನ್ನೊಂದು ಸಾವಿನ ಸುದ್ದಿಯಲ್ಲಿ.

ಆ ಹೆಸರಿನಿಂದ ಊರು ಕಳೆದುಕೊಂಡದ್ದೇನು ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ. 2025ರ ಮಹಿಳೆಯರ ಏಕದಿನ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ಚಿನ್ನಸ್ವಾಮಿಯಲ್ಲಿ ನಡೆಯಬೇಕಿತ್ತು; ಪಾಕಿಸ್ತಾನ ಫೈನಲ್ ತಲುಪದಿದ್ದರೆ ಫೈನಲ್ ಕೂಡ ಅಲ್ಲಿಯೇ. ಕಾಲ್ತುಳಿತದ ನಂತರ ಬೆಂಗಳೂರಿನ ಪಂದ್ಯಗಳನ್ನೆಲ್ಲ ಕಿತ್ತುಕೊಂಡು ಬೇರೆ ಊರುಗಳಿಗೆ ಕೊಟ್ಟರು; ಫೈನಲ್ ನವಿ ಮುಂಬೈಗೆ ಹೋಯಿತು. ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಭಾರತದ ಮಹಿಳೆಯರಿಗೆ ಮೊದಲ ವಿಶ್ವಕಪ್ ತಂದಿತು. ಒಂದು ದೇಶದ ಹೆಣ್ಣುಮಕ್ಕಳು ಸುಮಾರು ಐವತ್ತು ವರ್ಷ ಕಾದು ಪಡೆದ ಆ ಗೆಲುವು ಕಬ್ಬನ್ ಪಾರ್ಕಿನ ಪಕ್ಕದಲ್ಲೇ ಆಗಬಹುದಿತ್ತು. ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯನ್ನೂ ಬೆಂಗಳೂರಿನಿಂದ ಮೈಸೂರಿಗೆ ಸಾಗಿಸಬೇಕಾಯಿತು. ಒಂದು ಕಪ್ಪಿನ ಅತಿ ಸಂಭ್ರಮ ಹನ್ನೊಂದು ಜೀವ ತೆಗೆದುಕೊಂಡದ್ದಲ್ಲದೆ ವಿಶ್ವಕಪ್ ಫೈನಲ್ಲನ್ನೇ ಊರಿನಿಂದ ಓಡಿಸಿತು. ಹದಿನೆಂಟು ವರ್ಷ ಕಾದು ಬೆಂಗಳೂರು ಗಳಿಸಿದ್ದು ಇದು.

ಐಪಿಎಲ್ ನೋಡಬಾರದು ಎಂದು ಈ ಕರಪತ್ರ ಹೇಳುತ್ತಿಲ್ಲ. ನೋಡಲಿ, ಚಪ್ಪಾಳೆ ತಟ್ಟಲಿ, ಗೆದ್ದರೆ ಮನೆಯಲ್ಲಿ ಸಿಹಿ ಮಾಡಲಿ. ಆ ಕಪ್ಪಿಗೆ ನಾಡಹಬ್ಬದ ಪಟ್ಟ ಕಟ್ಟುವುದು ನಿಲ್ಲಲಿ. ಸರ್ಕಾರ ತನ್ನ ಮೆಟ್ಟಿಲನ್ನು ನಾಡಿಗಾಗಿ ಆಡಿದವರಿಗೆ ಮೀಸಲಿಡಲಿ. ಸಂಭ್ರಮಕ್ಕೆ ಒಂದು ಮಿತಿಯನ್ನು ಜನರೇ ಹಾಕಿಕೊಳ್ಳಲಿ. ಆ ಮಿತಿ ಎಲ್ಲಿರಬೇಕೆಂದು ಪ್ರತಿ ಬಡಾವಣೆಯಲ್ಲಿ, ಪ್ರತಿ ಕಾಲೇಜಿನಲ್ಲಿ ಈಗಲೇ ಮಾತು ಶುರುವಾಗಲಿ.

ಈ ಹಾಳೆ ಕೈಗೆ ಬಂದವರಲ್ಲಿ ಒಂದೇ ವಿನಂತಿ. ಮುಂದಿನ ಸಲ ಯಾರಾದರೂ ಉಚಿತ ಪಾಸು, ವಿಜಯಯಾತ್ರೆ ಎಂದು ಕರೆದಾಗ ಹೋಗಬೇಡಿ, ಮನೆಯ ಮಕ್ಕಳನ್ನು ಕಳುಹಿಸಬೇಡಿ. ಓದಿದ ಮೇಲೆ ಇದನ್ನು ಮಡಿಸಿ ಇಡದೆ ಪಕ್ಕದ ಮನೆಯವರಿಗೆ ಕೊಡಿ.